‘ಟ್ವಿನ್ ಪೀಕ್ಸ್’: ಪಾತಕಕಥೆಯಲ್ಲಿ ಕರುಣರಸ

ಕೊಲೆ ಪಾತಕಗಳ ಕಥೆಗೆ ಕಾವ್ಯದ ಪಂಕ್ತಿಯಲ್ಲಿ ಎಲೆ ಹಾಕಬಹುದೆ ಎಂಬುದು ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಈಗ ಮೇಲಿಂದ ಮೇಲೆ ಏಳುತ್ತಿರುವ ಪ್ರಶ್ನೆ. ದೇಶವಿದೇಶಗಳ ಚಲಚ್ಚಿತ್ರಗಳೂ ದೂರದರ್ಶನದ ಧಾರಾವಾಹಿಗಳೂ ನಡುಮನೆಯಲ್ಲಿಯೇ ಬಂದು ಕುಳಿತಿರುವ ಕಾಲ ಇದು. ತರುಣರು ಅವನ್ನು ಮೆಚ್ಚಿ ನೋಡುತ್ತಾರೆ; ಹಿರಿಯರು ಮುಖ ತಿರುಗಿಸುತ್ತಾರೆ. ಹಿರಿಯರ ಆಕ್ಷೇಪಗಳು ಮುಖ್ಯವಾಗಿ ಎರಡು. ಪಾತಕವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಅನುಚಿತವೆಂಬುದು ಒಂದು. ಸ್ವಪ್ನದಂತೆ ಅಸಂಬದ್ಧವಾಗಿ ಹರಿಯುವ ಕಥೆಯನ್ನು ಕಲೆಯೆಂದು ಕೊಂಡಾಡುವುದು ಬರಿಯ ಬೆಡಗೆಂಬುದು ಇನ್ನೊಂದು. ಇವೆರಡನ್ನೂ ಹಗುರವಾಗಿ ತಳ್ಳಿಬಿಡತಕ್ಕದ್ದಲ್ಲ. ಈ ಎರಡು ಆಕ್ಷೇಪಗಳೂ ಪೂರ್ಣಬಲದಿಂದ ಯಾವ ಕೃತಿಯ ಮೇಲೆ ಬೀಳುತ್ತವೆಯೋ ಅಂಥದೊಂದನ್ನೇ ಕೈಗೆತ್ತಿಕೊಂಡು ಪರೀಕ್ಷಿಸುವುದು ನ್ಯಾಯವಾದ ಮಾರ್ಗ. ಅಮೆರಿಕದ ‘ಟ್ವಿನ್ ಪೀಕ್ಸ್’ ಅಂಥ ಕೃತಿ.

ಇದನ್ನು ರಚಿಸಿದವರು ಡೇವಿಡ್ ಲಿಂಚ್, ಮಾರ್ಕ್ ಫ್ರಾಸ್ಟ್ ಎಂಬ ಇಬ್ಬರು. ಫ್ರಾಸ್ಟನು ಪೊಲೀಸು ಠಾಣೆಯ ಕಥೆಗಳನ್ನು ದೂರದರ್ಶನಕ್ಕೆ ಬರೆದು ಕೈ ಪಳಗಿಸಿಕೊಂಡವನು. ಲಿಂಚನು ೧೯೪೬ರಲ್ಲಿ ಮೊಂಟಾನಾ ಸಂಸ್ಥಾನದ ಮಿಸೂಲಾ ಪಟ್ಟಣದಲ್ಲಿ ಹುಟ್ಟಿ, ಫಿಲಡೆಲ್ಫಿಯಾದ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು, ಅನಂತರ ಚಲಚ್ಚಿತ್ರಕ್ಕೆ ಬಂದವನು. ೨೦೨೫ರ ಜನವರಿಯಲ್ಲಿ ತೀರಿಕೊಂಡನು. ೧೯೭೭ರ ‘ಇರೇಸರ್‌ಹೆಡ್’, ೧೯೮೦ರ ‘ದಿ ಎಲಿಫೆಂಟ್ ಮ್ಯಾನ್’, ೧೯೮೬ರ ‘ಬ್ಲೂ ವೆಲ್ವೆಟ್’ ಎಂಬ ಚಿತ್ರಗಳಿಂದ ಅವನ ಹೆಸರು ಆಗಲೇ ಪ್ರಸಿದ್ಧವಾಗಿತ್ತು. ೧೯೯೦ರ ಏಪ್ರಿಲ್ ೮ರಂದು ಎ.ಬಿ.ಸಿ. ಎಂಬ ಪ್ರಸಾರಸಂಸ್ಥೆ ‘ಟ್ವಿನ್ ಪೀಕ್ಸ್’ ಕಥೆಯ ಮೊದಲ ಭಾಗವನ್ನು ಪ್ರಸಾರ ಮಾಡಿತು. ೧೯೯೧ರ ಜೂನ್ ೧೦ಕ್ಕೆ ಮುಗಿಯುವ ವೇಳೆಗೆ ಒಟ್ಟು ೩೦ ಕಂತುಗಳಾಗಿದ್ದವು. ೧೯೯೨ರಲ್ಲಿ ಅದೇ ಕಥೆಯ ಪೂರ್ವವೃತ್ತಾಂತವನ್ನು ಲಿಂಚನು ಚಲಚ್ಚಿತ್ರವಾಗಿ ತೆಗೆದನು. ಇಪ್ಪತ್ತೈದು ವರ್ಷಗಳ ಮೇಲೆ, ೨೦೧೭ರಲ್ಲಿ, ೧೮ ಕಂತುಗಳ ಉತ್ತರಭಾಗವನ್ನು ತಾನೇ ಪೂರ್ತಿಯಾಗಿ ನಿರ್ದೇಶಿಸಿದನು. ಈ ಮೂರನ್ನೂ ಒಂದೇ ಪ್ರಬಂಧವೆಂದು ಎಣಿಸಿ ವಿಚಾರ ಮಾಡುವುದು ಯುಕ್ತ.

ಕಥಾವಸ್ತು ಹೀಗಿದೆ. ವಾಷಿಂಗ್ಟನ್ ಸಂಸ್ಥಾನದಲ್ಲಿ, ಕೆನಡಾದ ಗಡಿಗೆ ಸಮೀಪವಾಗಿ, ಕಾಡುಬೆಟ್ಟಗಳ ನಡುವೆ ಟ್ವಿನ್ ಪೀಕ್ಸ್ ಎಂಬ ಕಲ್ಪಿತವಾದ ಊರು. ಒಂದು ಬೆಳಿಗ್ಗೆ ಮೀನು ಹಿಡಿಯಲು ಹೊರಟ ಮುದುಕನೊಬ್ಬನು ನೀರಿನ ದಡದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೆಣವನ್ನು ಕಾಣುತ್ತಾನೆ. ಅದು ಊರಿಗೆಲ್ಲ ಅಚ್ಚುಮೆಚ್ಚಿನವಳಾಗಿದ್ದ ಲಾರಾ ಪಾಮರ್ ಎಂಬ ಶಾಲಾಬಾಲಿಕೆಯದು. ಕೊಂದವರು ಯಾರೆಂದು ತನಿಖೆ ಮಾಡಲು ಎಫ್.ಬಿ.ಐ. ಇಲಾಖೆಯಿಂದ ಡೇಲ್ ಕೂಪರ್ ಎಂಬ ಅಧಿಕಾರಿ ಬರುತ್ತಾನೆ. ಇಲ್ಲಿಯವರೆಗೆ ಯಾವ ಪತ್ತೇದಾರಿ ಕಾದಂಬರಿಗೂ ಒಪ್ಪುವ ಆರಂಭವೇ ಹೌದು. ವಿಶೇಷವಿರುವುದು ಅಲ್ಲಿಂದ ಮುಂದೆ.

ಸಾಮಾನ್ಯವಾದ ಪತ್ತೇದಾರಿ ಕಥೆಯಲ್ಲಿ ಹೆಣವೆಂಬುದು ಕೇವಲ ನಿಮಿತ್ತ. ಅದು ಬಿದ್ದೊಡನೆ ಎಲ್ಲರ ಕಣ್ಣೂ ಪತ್ತೇದಾರನ ಬುದ್ಧಿಚಾತುರ್ಯದ ಕಡೆಗೆ ತಿರುಗುತ್ತದೆ. ಸತ್ತವರಿಗಾಗಿ ಯಾರೂ ಅಳುವುದಿಲ್ಲ. ಅತ್ತರೆ ಕಥೆ ನಿಧಾನವಾಗುತ್ತದೆ. ಲಿಂಚನು ಇಲ್ಲಿ ಕಥೆಯನ್ನು ನಿಧಾನ ಮಾಡುತ್ತಾನೆ. ಹೆಣದ ಛಾಯಾಚಿತ್ರ ತೆಗೆಯಬೇಕಾದ ಕಿರಿಯ ಪೊಲೀಸಿನವನು ಕ್ಯಾಮರಾ ಹಿಡಿದು ನಿಂತು ಬಿಕ್ಕಿ ಬಿಕ್ಕಿ ಅಳುತ್ತಾನೆ. ಮಗಳು ಕಾಣಲಿಲ್ಲವೆಂದು ತಾಯಿ ಅಲ್ಲಿಗೆ ಇಲ್ಲಿಗೆ ಟೆಲಿಫೋನು ಮಾಡುತ್ತ ಕೊನೆಗೆ ಗಂಡನೊಡನೆ ಮಾತನಾಡುತ್ತಿರುವಾಗ, ಅವನೆದುರಿಗೆ ಪೊಲೀಸು ಅಧಿಕಾರಿ ಬಂದು ನಿಲ್ಲುತ್ತಾನೆ. ಗಂಡನ ಕೈಯಿಂದ ಟೆಲಿಫೋನು ಜಾರುತ್ತದೆ. ಯಾರೂ ಅವಳಿಗೆ ಏನನ್ನೂ ಹೇಳಿಲ್ಲ. ಆದರೂ ಆ ತಾಯಿಯ ಆಕ್ರಂದನ ತಂತಿಯ ಮೂಲಕ ಹರಿದು ಬರುತ್ತದೆ. ಇನ್ನು ಶಾಲೆಯ ದೃಶ್ಯ. ತರಗತಿಯಲ್ಲಿ ಹಾಜರಿ ಕರೆಯುತ್ತಿರುವ ಹೊತ್ತು. ಪೊಲೀಸಿನವನೊಬ್ಬನು ಬಾಗಿಲಿಗೆ ಬರುತ್ತಾನೆ. ಕಿಟಕಿಯ ಆಚೆ ಹುಡುಗಿಯೊಬ್ಬಳು ಚೀರುತ್ತ ಅಂಗಳವನ್ನು ಹಾದು ಓಡುತ್ತಾಳೆ. ಲಾರಾಳ ಗೆಳತಿ ಖಾಲಿಯಿರುವ ಒಂದು ಕುರ್ಚಿಯನ್ನು ನೋಡುತ್ತಾಳೆ. ಅಷ್ಟರಲ್ಲಿಯೇ ಅವಳಿಗೆ ಎಲ್ಲವೂ ತಿಳಿದುಹೋಗುತ್ತದೆ. ಹಾಜರಿಪುಸ್ತಕ ಹಿಡಿದು ಬಾಳಿದವರು ಯಾರೇ ಆಗಲಿ, ಆ ಖಾಲಿ ಕುರ್ಚಿಯನ್ನು ಮರೆಯಲಾರರು. ಇಲ್ಲಿ ವಾಚ್ಯವಾದದ್ದು ಒಂದು ಆಸನ. ವ್ಯಂಗ್ಯವಾದದ್ದು ಒಂದು ಮರಣ. ಧ್ವನಿಯೆಂದು ನಮ್ಮ ಆಲಂಕಾರಿಕರು ಯಾವುದನ್ನು ಕರೆದರೋ ಅದಕ್ಕೆ ಇದು ಉತ್ತಮವಾದ ಉದಾಹರಣೆ.

ಆದುದರಿಂದ ಈ ಕೃತಿಯ ಅಂಗಿರಸ ಅದ್ಭುತವೂ ಅಲ್ಲ, ಭಯಾನಕವೂ ಅಲ್ಲ, ಕರುಣ. ‘ಕೊಂದವರು ಯಾರು?’ ಎಂಬ ಪ್ರಶ್ನೆ ಪ್ರೇಕ್ಷಕರನ್ನು ಹಿಡಿದಿಡುವ ಸೂತ್ರ ಮಾತ್ರ. ‘ಹೋದವಳು ಯಾರು?’ ಎಂಬುದೇ ನಿಜವಾದ ಪ್ರಶ್ನೆ.

ಈಗ ಎರಡನೆಯ ಆಕ್ಷೇಪಕ್ಕೆ ಬರೋಣ. ಕೂಪರನು ಬುದ್ಧಿಯನ್ನಷ್ಟೇ ನಂಬಿದವನಲ್ಲ. ಕನಸಿನಲ್ಲಿ ಹೊಳೆದ ವಿಧಾನದಂತೆ, ಒಂದೊಂದು ಹೆಸರು ಹೇಳಿಸಿ ಸೀಸೆಗೆ ಕಲ್ಲೆಸೆದು ಅಪರಾಧಿಯನ್ನು ಹುಡುಕುತ್ತಾನೆ. ಅವನ ಸ್ವಪ್ನದಲ್ಲಿ ಕೆಂಪು ಪರದೆಗಳ ಒಂದು ಕೋಣೆ ಕಾಣುತ್ತದೆ. ಅಲ್ಲಿಯವರ ಮಾತು ವಿಚಿತ್ರ. ನಟರು ವಾಕ್ಯಗಳನ್ನು ಹಿಂದುಮುಂದಾಗಿ ಕಲಿತು ಆಡಿ, ಆ ಧ್ವನಿಯನ್ನು ಮತ್ತೆ ತಿರುಗಿಸಿ ಕೇಳಿಸಿದ್ದರಿಂದ ಬಂದ ವೈಚಿತ್ರ್ಯ ಅದು. ಲಾರಾಳನ್ನು ಹೋಲುವ ಹೆಂಗಸು ಅವನ ಕಿವಿಯಲ್ಲಿ ಕೊಲೆಗಾರನ ಹೆಸರನ್ನು ಪಿಸುಗುಟ್ಟುತ್ತಾಳೆ. ಎದ್ದು ಬೆಳಗಾಗುವಷ್ಟರಲ್ಲಿ ಅವನಿಗೆ ಹೆಸರು ಮರೆತುಹೋಗಿರುತ್ತದೆ.

ಇಂಥ ಕಲ್ಪನೆಗೆ ಯೂರೋಪಿನಲ್ಲಿ ಒಂದು ಸಂಪ್ರದಾಯವೇ ಉಂಟು. ಆಂದ್ರೆ ಬ್ರೆತೋನನು ೧೯೨೪ರಲ್ಲಿ ಪ್ಯಾರಿಸ್ಸಿನಲ್ಲಿ ಅತಿವಾಸ್ತವ ಪಂಥದ ಘೋಷಣಾಪತ್ರವನ್ನು ಹೊರಡಿಸಿದನು. ೧೯೨೯ರಲ್ಲಿ ಲೂಯಿ ಬುನ್ಯುಯೆಲ್, ಸಾಲ್ವಡಾರ್ ಡಾಲಿ ಇಬ್ಬರೂ ತಮ್ಮ ತಮ್ಮ ಕನಸುಗಳನ್ನು ಕೂಡಿಸಿ ಒಂದು ಕಿರುಚಿತ್ರವನ್ನು ತೆಗೆದರು. ಬುದ್ಧಿಯಿಂದ ವಿವರಿಸಬಹುದಾದ ಯಾವ ಚಿತ್ರವನ್ನೂ ಸೇರಿಸಿಕೊಳ್ಳಕೂಡದೆಂಬುದು ಅವರು ಹಾಕಿಕೊಂಡ ನಿಯಮವಾಗಿತ್ತು. ಲಿಂಚನ ಮಾರ್ಗ ಅದಕ್ಕಿಂತ ಭಿನ್ನ. ಆ ಭೇದವನ್ನು ಸ್ಪಷ್ಟಪಡಿಸಲು ನಮ್ಮ ಶಾಸ್ತ್ರವೇ ನೆರವಿಗೆ ಬರುತ್ತದೆ.

ರಸಪ್ರತೀತಿಗೆ ಏಳು ವಿಘ್ನಗಳುಂಟೆಂದು ಅಭಿನವಗುಪ್ತಪಾದರು ಎಣಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು ಸಂಭಾವನಾವಿರಹ, ಎಂದರೆ ‘ಇದು ನಡೆಯಲಾರದು’ ಎಂದು ಪ್ರೇಕ್ಷಕನಿಗೆ ತೋರುವುದು. ಕೊನೆಯದು ಸಂಶಯಯೋಗ. ಅತಿವಾಸ್ತವ ಕೃತಿ ಈ ಎರಡು ವಿಘ್ನಗಳನ್ನೂ ತಾನಾಗಿಯೇ ಮೈಮೇಲೆ ಎಳೆದುಕೊಳ್ಳುತ್ತದೆ. ದಾಟಿದರೆ ಕಾವ್ಯ, ದಾಟದಿದ್ದರೆ ಒಗಟು. ಮೊದಲನೆಯ ವಿಘ್ನಕ್ಕೆ ಅಭಿನವಗುಪ್ತರು ಹೇಳುವ ಪರಿಹಾರ ಲೋಕಸಾಮಾನ್ಯವಾದ ವಸ್ತು, ಹೃದಯಸಂವಾದವಾಗುವುದು ಅದರಿಂದ. ‘ಟ್ವಿನ್ ಪೀಕ್ಸ್’ ಕಥೆಯಲ್ಲಿ ಕಾಫಿಯುಂಟು, ಚೆರಿಹಣ್ಣಿನ ಕಡುಬುಂಟು, ಮರ ಕೊಯ್ಯುವ ಕಾರ್ಖಾನೆಯುಂಟು, ಶಾಲೆ ಹೋಟೆಲುಗಳುಂಟು, ಮಳೆಗಾಳಿಗಳುಂಟು. ನಾವು ಕೆಂಪು ಪರದೆಯ ಕೋಣೆಯನ್ನು ಕಾಣುವ ವೇಳೆಗೆ ಆ ಊರಿನವರೊಡನೆ ಕುಳಿತು ಅತ್ತಾಗಿರುತ್ತದೆ. ಹೃದಯ ಮೊದಲು ಒಪ್ಪಿದೆ. ಬುದ್ಧಿ ಹಿಂದಿನಿಂದ ಬರುತ್ತದೆ.

ಎರಡನೆಯ ವಿಘ್ನದ ಪರಿಹಾರ ಇನ್ನೂ ಸೂಕ್ಷ್ಮವಾದದ್ದು. ಕಣ್ಣೀರೆಂಬ ಒಂದೇ ಅನುಭಾವ ಶೋಕದಿಂದಲೂ ಬರಬಹುದು, ಆನಂದದಿಂದಲೂ ಬರಬಹುದು, ಬರಿಯ ಕಣ್ಣುಬೇನೆಯಿಂದಲೂ ಬರಬಹುದು. ಉಳಿದ ಸಾಮಗ್ರಿ ಕೂಡಿದ ಮೇಲೆಯೇ ಸಂಶಯ ನಿವೃತ್ತಿಯಾಗುವುದೆಂಬುದು ಶಾಸ್ತ್ರಕಾರರ ಆಶಯ. ಲಾರಾಳ ತಂದೆ ಲೀಲಂಡ್ ಪಾಮರನ ಪಾತ್ರವನ್ನು ಈ ಬೆಳಕಿನಲ್ಲಿ ನೋಡಬೇಕು. ಅವನು ಸತ್ತ ಮಗಳ ಭಾವಚಿತ್ರವನ್ನು ತಬ್ಬಿಕೊಂಡು, ಉಲ್ಲಾಸದ ವಾದ್ಯಸಂಗೀತಕ್ಕೆ ಸರಿಯಾಗಿ ಕೋಣೆಯಲ್ಲೆಲ್ಲ ಕುಣಿಯುತ್ತಾನೆ. ಕುಣಿತ ಹರ್ಷದ ಅನುಭಾವ. ಇಲ್ಲಿ ಅದು ಶೋಕಕ್ಕೆ ಬಂದಿದೆ. ಹೆಂಡತಿ ತಡೆಯಹೋಗುತ್ತಾಳೆ; ಗಾಜು ಒಡೆಯುತ್ತದೆ; ಅವನ ಕೈಯ ರಕ್ತ ಮಗಳ ಮುಖದ ಮೇಲೆ ಬಳಿದುಕೊಳ್ಳುತ್ತದೆ. ಈ ಮನೆಯಲ್ಲಿ ನಡೆಯುತ್ತಿರುವುದಾದರೂ ಏನು ಎಂದು ಆಕೆ ಕಿರುಚುತ್ತಾಳೆ. ಮುಂದೆ ಹೋಟೆಲಿನಲ್ಲಿ ಐಸ್‌ಲ್ಯಾಂಡಿನ ಅತಿಥಿಗಳ ಎದುರಿಗೆ ಹಾಡು ಕೇಳಿಬಂದೊಡನೆ ಅವನು ಮತ್ತೆ ಅಳುತ್ತ ಕುಣಿಯತೊಡಗಿ, ದುಃಖದಿಂದ ತಲೆಯನ್ನು ಹಿಡಿದುಕೊಳ್ಳುತ್ತಾನೆ. ಜೊತೆಯಲ್ಲಿ ಕುಣಿಯಹೋದವಳು ಅವನ ಮಾನ ಕಾಯುವುದಕ್ಕಾಗಿ ಅದೂ ಒಂದು ನೃತ್ಯಭಂಗಿಯೋ ಎಂಬಂತೆ ಅನುಕರಿಸುತ್ತಾಳೆ. ನೆರೆದವರೆಲ್ಲ ಅವಳನ್ನು ಅನುಕರಿಸುತ್ತಾರೆ. ಒಬ್ಬ ಮನುಷ್ಯನ ಸಂಕಟ ಒಂದು ಸಭೆಯ ವಿನೋದವಾಗುತ್ತದೆ. ನೋಡುತ್ತಿರುವ ನಮಗೆ ನಗೆಯೂ ಬರುತ್ತದೆ, ನಕ್ಕದ್ದಕ್ಕೆ ನಾಚಿಕೆಯೂ ಬರುತ್ತದೆ. ಕಥೆಯಲ್ಲಿ ಸಂಶಯ ಎಷ್ಟಾದರೂ ಇರಲಿ, ಭಾವದಲ್ಲಿ ಸಂಶಯವಿಲ್ಲ. ಇದೇ ಲಿಂಚನ ಮಾರ್ಗದ ಮರ್ಮ.

ಇಲ್ಲಿಂದ ಮುಂದೆ ಕಥೆಯ ಗುಟ್ಟನ್ನು ಹೇಳದೆ ವಿಮರ್ಶೆ ಸಾಗದು. ತಾವೇ ನೋಡಿ ತಿಳಿಯಬೇಕೆನ್ನುವ ವಾಚಕರು ಮೊದಲು ನೋಡಿ ಬಂದು ಓದಬಹುದು.

೧೯೯೦ರ ನವೆಂಬರ್ ೧೦ರ ಕಂತಿನಲ್ಲಿ ಗುಟ್ಟು ಹೊರಬಿತ್ತು. ಕೊಂದವನು ಲೀಲಂಡನೇ, ಭಾವಚಿತ್ರವನ್ನು ತಬ್ಬಿ ಅತ್ತ ತಂದೆಯೇ. ಬಾಬ್ ಎಂಬ ಪಿಶಾಚವೊಂದು ಅವನ ಮೈಯೊಳಗೆ ವಾಸವಾಗಿದೆಯೆಂದು ಕಥೆ ಹೇಳುತ್ತದೆ. ಅವನು ಕನ್ನಡಿ ನೋಡಿಕೊಂಡರೆ ಅದರಲ್ಲಿ ಕಾಣುವ ಮುಖ ಬಾಬನದು. ಆ ರಾತ್ರಿ ಅವನು ಲಾರಾಳನ್ನೇ ಹೋಲುವ ಬಂಧುಕನ್ಯೆಯೊಬ್ಬಳನ್ನು ಕೊಲ್ಲುತ್ತಾನೆ. ಅದೇ ಹೊತ್ತಿಗೆ ಊರಿನ ಇನ್ನೊಂದು ಮೂಲೆಯ ಪಾನಗೃಹದಲ್ಲಿ ಹಾಡು ಕೇಳುತ್ತ ಕುಳಿತವರು ಏಕೆಂದು ತಿಳಿಯದೆಯೇ ಕಣ್ಣೀರಿಡುತ್ತಾರೆ.

ಪಿಶಾಚದ ಮೇಲೆ ಹೊರೆ ಹೊರಿಸಿ ಮನುಷ್ಯನನ್ನು ಬಿಡಿಸಿದ್ದಾರೆಂದು ಕೆಲವರ ದೂರು. ಈ ದೂರಿಗೆ ಉತ್ತರವನ್ನು ಕೃತಿಯೇ ಕೊಡುತ್ತದೆ. ಲೀಲಂಡನು ಬಂಧನದಲ್ಲಿ ಸತ್ತ ಮೇಲೆ ತನಿಖೆ ಮಾಡಿದವರು ಕಾಡಿನಲ್ಲಿ ನಿಂತು ಚರ್ಚಿಸುತ್ತಾರೆ. ಪಿಶಾಚವನ್ನು ನಂಬುವುದು ಕಷ್ಟವೆಂದು ಒಬ್ಬನು ಹೇಳಿದಾಗ, ತಂದೆಯೊಬ್ಬನು ತನ್ನ ಮಗಳನ್ನೇ ಕೆಡಿಸಿ ಕೊಂದನೆಂದು ನಂಬುವುದು ಸುಲಭವೋ ಎಂದು ಕೂಪರನು ಕೇಳುತ್ತಾನೆ. ಅತಿವಾಸ್ತವ ಏಕೆ ಬೇಕಾಯಿತೆಂಬ ಪ್ರಶ್ನೆಗೆ ಈ ಮಾತೇ ಸಮಾಧಾನ. ಕೆಲವು ಪಾತಕಗಳನ್ನು ಕಣ್ಣೆದುರಿಗಿದ್ದರೂ ಜನ ನೋಡುವುದಿಲ್ಲ. ಮನೆ ನೋಡುವುದಿಲ್ಲ, ನೆರೆ ನೋಡುವುದಿಲ್ಲ, ಶಾಲೆ ನೋಡುವುದಿಲ್ಲ. ನೋಡಲೊಲ್ಲದ ಮನಸ್ಸಿಗೆ ಸತ್ಯ ಕನಸಿನ ವೇಷದಲ್ಲಿಯೇ ಬರುತ್ತದೆ. ಕೂಪರನು ಹೆಸರನ್ನು ಕೇಳಿಯೂ ಮರೆತದ್ದು ಅವನೊಬ್ಬನ ಮರೆವಲ್ಲ. ಆ ಊರಿನ ಮರೆವು. ಮಾನವಂತರೆನಿಸಿಕೊಂಡ ಎಲ್ಲ ಊರುಗಳ ಮರೆವೂ ಹೌದು. ಕುಲಮರ್ಯಾದೆಯ ಹೆಸರಿನಲ್ಲಿ ಮನೆಯೊಳಗಿನ ಪಾತಕವನ್ನು ಮುಚ್ಚಿಡುವುದು ಅಮೆರಿಕಕ್ಕೆ ಮಾತ್ರ ಮೀಸಲಾದ ವಿದ್ಯೆಯಲ್ಲವೆಂಬುದನ್ನು ನಮ್ಮ ಕುಟುಂಬಗಳು ಬಲ್ಲವು.

೧೯೯೨ರ ಚಲಚ್ಚಿತ್ರದ ಬೆಲೆ ಇಲ್ಲಿ ಗೊತ್ತಾಗುತ್ತದೆ. ‘ಫೈರ್ ವಾಕ್ ವಿತ್ ಮಿ’ ಎಂದು ಅದರ ಹೆಸರು. ಬಿಡುಗಡೆಯಾದಾಗ ವಿಮರ್ಶಕರಲ್ಲಿ ಬಹುಮಂದಿ ಅದನ್ನು ಖಂಡಿಸಿದರು. ಅವರು ನಿರೀಕ್ಷಿಸಿದ್ದು ಕಾಫಿ, ಕಡುಬು, ವಿನೋದ. ಲಿಂಚನು ಕೊಟ್ಟದ್ದು ಲಾರಾಳ ಕೊನೆಯ ಏಳು ದಿನಗಳು. ಧಾರಾವಾಹಿಯಲ್ಲಿ ಹೆಣವಾಗಿಯೂ ಭಾವಚಿತ್ರವಾಗಿಯೂ ಇದ್ದವಳು ಇಲ್ಲಿ ಉಸಿರಾಡುವ ಜೀವವಾಗುತ್ತಾಳೆ. ಊಟದ ಮೇಜಿನ ಮುಂದೆ ತಂದೆ ಅವಳ ಕೈಯನ್ನು ಹಿಡಿದು, ಉಗುರಿನಲ್ಲಿ ಕೊಳೆಯಿದೆ, ತೊಳೆದುಕೊಂಡು ಬಾ ಎಂದು ಗದರಿಸುವ ದೃಶ್ಯವೊಂದುಂಟು. ರಕ್ತವಿಲ್ಲ, ಆಯುಧವಿಲ್ಲ, ತಂದೆಯೊಬ್ಬನು ಮಗಳಿಗೆ ಶುಚಿತ್ವವನ್ನು ಬೋಧಿಸುತ್ತಿದ್ದಾನೆ, ಅಷ್ಟೇ. ಅದಕ್ಕಿಂತ ಭಯಾನಕವಾದದ್ದು ಚಿತ್ರದಲ್ಲಿ ಇನ್ನೊಂದಿಲ್ಲ. ಲಾರಾಳಾಗಿ ನಟಿಸಿದ ಶೆರಿಲ್ ಲೀ, ಲೀಲಂಡನಾಗಿ ನಟಿಸಿದ ರೇ ವೈಸ್ ಇವರ ಅಭಿನಯ ಸಾತ್ತ್ವಿಕಾಭಿನಯದ ಪಾಠದಂತಿದೆ.

ಪಾತಕವನ್ನು ತೋರಿಸಬಹುದೆ ಎಂಬ ಮೊದಲನೆಯ ಆಕ್ಷೇಪಕ್ಕೂ ಇಲ್ಲಿಯೇ ಉತ್ತರ. ಯುದ್ಧ, ಮರಣ ಮೊದಲಾದವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಸೂಚಿಸಬೇಕೆಂದು ನಾಟ್ಯಶಾಸ್ತ್ರದ ವಿಧಿ. ಆದರೂ ಭಾಸನ ‘ಊರುಭಂಗ’ದಲ್ಲಿ ದುರ್ಯೋಧನನು ಪ್ರೇಕ್ಷಕರ ಕಣ್ಣೆದುರಿಗೇ ಸಾಯುತ್ತಾನೆ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಕನ್ನಗಳ್ಳನೊಬ್ಬನು ಗೋಡೆಯನ್ನು ಯಾವ ಆಕಾರದಲ್ಲಿ ಕೊರೆಯಬೇಕೆಂದು ಶಾಸ್ತ್ರೋಕ್ತವಾಗಿ ಚಿಂತಿಸುತ್ತಾನೆ, ಎಂಟನೆಯ ಅಂಕದಲ್ಲಿ ಶಕಾರನು ವಸಂತಸೇನೆಯ ಕೊರಳನ್ನು ಹಿಸುಕುತ್ತಾನೆ, ಒಂಬತ್ತನೆಯ ಅಂಕದ ನ್ಯಾಯಸಭೆಯಲ್ಲಿ ನಿರಪರಾಧಿಗೆ ಮರಣದಂಡನೆಯಾಗುತ್ತದೆ. ನಮ್ಮ ಪೂರ್ವಿಕರು ಪಾತಕಕ್ಕೆ ಹೆದರಿದವರಲ್ಲ, ಔಚಿತ್ಯಭಂಗಕ್ಕೆ ಹೆದರಿದವರು. ಹಿಂಸೆಯನ್ನು ಹಿಂಸಕನ ಕಣ್ಣಿನಿಂದ ತೋರಿಸಿ ಪ್ರೇಕ್ಷಕನಿಗೆ ರುಚಿ ಹತ್ತಿಸುವುದು ಅನೌಚಿತ್ಯ. ನೊಂದವರ ಎದೆಯಿಂದ ತೋರಿಸಿ ಅವರ ದುಃಖವನ್ನು ಸಾಧಾರಣೀಕರಿಸುವುದು ಕಾವ್ಯಧರ್ಮ. ಧೈರ್ಯವುಳ್ಳ ಪಾತಕಕಥೆಗೂ ನಿರ್ಲಜ್ಜವಾದ ಪಾತಕಕಥೆಗೂ ಇರುವ ಗೆರೆ ಇದೇ.

ಲಿಂಚನ ಇನ್ನೊಂದು ಕೃತಿಯನ್ನು ಪ್ರಾಸಂಗಿಕವಾಗಿ ಹೇಳಬೇಕು. ‘ಮಲ್‌ಹಾಲೆಂಡ್ ಡ್ರೈವ್’ ಮೊದಲು ದೂರದರ್ಶನಕ್ಕೆಂದು ತೆಗೆದದ್ದು. ೧೯೯೯ರಲ್ಲಿ ಪ್ರಸಾರಸಂಸ್ಥೆ ಬೇಡವೆಂದಿತು. ಫ್ರೆಂಚರ ಹಣದಿಂದ ಅದು ಚಲಚ್ಚಿತ್ರವಾಗಿ ಪೂರ್ಣಗೊಂಡು, ೨೦೦೧ರಲ್ಲಿ ಕಾನ್ ಉತ್ಸವದಲ್ಲಿ ಲಿಂಚನಿಗೆ ಜೋಯೆಲ್ ಕೋಯೆನನೊಡನೆ ಉತ್ತಮ ನಿರ್ದೇಶಕನ ಪ್ರಶಸ್ತಿಯನ್ನು ತಂದಿತು. ಅದರಲ್ಲಿ ಒಂದು ರಂಗಮಂದಿರದ ದೃಶ್ಯ. ಇಲ್ಲಿ ವಾದ್ಯವೃಂದವಿಲ್ಲ, ಕೇಳಿಸುವುದೆಲ್ಲ ಮೊದಲೇ ಮುದ್ರಿಸಿದ ಧ್ವನಿ ಎಂದು ನಿರೂಪಕನು ಸಾರಿ ಹೇಳುತ್ತಾನೆ. ಅನಂತರ ಗಾಯಕಿಯೊಬ್ಬಳು ಬಂದು ಹಾಡುತ್ತಾಳೆ. ಕೇಳುತ್ತಿರುವ ಇಬ್ಬರು ಹೆಂಗಸರು ಅಳುತ್ತಾರೆ. ನಡುವೆಯೇ ಗಾಯಕಿ ಮೂರ್ಛೆ ಬೀಳುತ್ತಾಳೆ, ಹಾಡು ನಿಲ್ಲುವುದಿಲ್ಲ. ಸುಳ್ಳೆಂದು ಮೊದಲೇ ಹೇಳಿದ್ದರೂ ಕಣ್ಣೀರು ಸುಳ್ಳಾಗಲಿಲ್ಲ. ಚಿತ್ರದ ಕುದುರೆಯನ್ನು ಕುದುರೆಯೆಂದು ಕಾಣುವ ನ್ಯಾಯವನ್ನು ಶ್ರೀಶಂಕುಕನು ಹೇಳಿದನಲ್ಲವೆ? ನಟನನ್ನು ಕಂಡು ರಾಮನೆನ್ನುವ ಬುದ್ಧಿ ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಆ ವಿಲಕ್ಷಣ ಪ್ರತೀತಿಯನ್ನು ಪಾಠಶಾಲೆಯಲ್ಲಿ ತಿಳಿಯಹೇಳಲು ಒಂದು ಗಂಟೆ ಹಿಡಿಯುತ್ತದೆ. ಲಿಂಚನು ಕೆಲವೇ ನಿಮಿಷಗಳಲ್ಲಿ ಅನುಭವಕ್ಕೆ ತಂದಿದ್ದಾನೆ.

ಇನ್ನು ೨೦೧೭ರ ಉತ್ತರಭಾಗ. ಅದರ ಎಂಟನೆಯ ಕಂತು ೧೯೪೫ರ ಜುಲೈ ೧೬ಕ್ಕೆ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ನಡೆದ ಮೊದಲನೆಯ ಅಣುಬಾಂಬಿನ ಪರೀಕ್ಷೆಗೆ, ನಮ್ಮನ್ನು ಒಯ್ಯುತ್ತದೆ. ಹಿರೋಷಿಮಾದಲ್ಲಿ ಮಡಿದವರಿಗಾಗಿ ಪೆಂಡೆರೆಟ್ಸ್ಕಿ ರಚಿಸಿದ ಶೋಕಸಂಗೀತ ಹಿನ್ನೆಲೆಯಲ್ಲಿ ಕೇಳುತ್ತಿರಲು, ಆ ಬೆಂಕಿಯ ಮೋಡದೊಳಕ್ಕೇ ದೃಷ್ಟಿ ಹೊಗುತ್ತದೆ. ಬಾಬನ ಉತ್ಪತ್ತಿಯನ್ನು ಅಲ್ಲಿ ತೋರಿಸಿದ್ದಾರೆ. ಒಂದು ಮನೆಯ ಪಾತಕವನ್ನು ಒಂದು ಯುಗದ ಪಾತಕದೊಡನೆ ಬೆಸೆದ ಈ ಕಲ್ಪನೆ ಸಾಮಾನ್ಯವಾದದ್ದಲ್ಲ. ಮರದ ತುಂಡನ್ನು ಮಗುವಿನಂತೆ ಎತ್ತಿಕೊಂಡು ತಿರುಗುವ ಮುದುಕಿಯ ಪಾತ್ರವನ್ನು ಮಾಡಿದ ಕ್ಯಾಥರೀನ್ ಕೂಲ್ಸನ್, ತನ್ನ ದೃಶ್ಯಗಳ ಚಿತ್ರೀಕರಣವಾದ ಕೆಲವೇ ದಿನಗಳಲ್ಲಿ, ೨೦೧೫ರ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಸಾಯುತ್ತಿರುವ ಪಾತ್ರವನ್ನು ಸಾಯುತ್ತಿರುವ ನಟಿ ಆಡಿ, ಟೆಲಿಫೋನಿನಲ್ಲಿ ಹಳೆಯ ಸ್ನೇಹಿತನಿಂದ ಬೀಳ್ಕೊಳ್ಳುವ ಆ ಪ್ರಸಂಗ ಬಹುಕಾಲ ಮನಸ್ಸಿನಲ್ಲಿ ನಿಲ್ಲತಕ್ಕದ್ದು.

ಕೊನೆಯಲ್ಲಿ ಕೂಪರನು ಕಾಲವನ್ನೇ ದಾಟಿ ಹಿಂದಕ್ಕೆ ಹೋಗಿ, ಲಾರಾಳನ್ನು ಕೊಲೆಯಿಂದ ತಪ್ಪಿಸಲು ಕೈಹಿಡಿದು ಕಾಡಿನಲ್ಲಿ ನಡೆಸುತ್ತಾನೆ. ಅವಳು ಕೈಯಿಂದ ಮಾಯವಾಗುತ್ತಾಳೆ. ಮತ್ತೊಂದು ಊರಿನಲ್ಲಿ ಅವಳ ರೂಪದ ಇನ್ನೊಬ್ಬಳನ್ನು ಕಂಡು, ತೌರುಮನೆಯ ಬಾಗಿಲಿಗೆ ಕರೆತರುತ್ತಾನೆ. ಅಲ್ಲಿ ಬೇರೆ ಯಾರೋ ವಾಸವಾಗಿದ್ದಾರೆ. ಬೀದಿಯಲ್ಲಿ ನಿಂತು, ಇದು ಯಾವ ವರ್ಷವೆಂದು ಅವನು ತಬ್ಬಿಬ್ಬಾಗಿ ಕೇಳುತ್ತಾನೆ, ಅವಳು ಚೀರುತ್ತಾಳೆ, ದೀಪಗಳು ಆರುತ್ತವೆ. ವಸಂತಸೇನೆ ಚೇತರಿಸಿಕೊಂಡು ವಧ್ಯಸ್ಥಾನಕ್ಕೆ ಓಡಿಬಂದಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ಮಂಗಳಾಂತ ನಮ್ಮ ನಾಟಕದ ಧರ್ಮ. ಲಿಂಚನು ಹೇಳುವುದು ಬೇರೊಂದು ಸತ್ಯ: ಪಾತಕ ನಡೆದ ಮೇಲೆ ಅದನ್ನು ನಡೆಯಲಿಲ್ಲವೆಂದು ಮಾಡುವ ಶಕ್ತಿ ಯಾವ ಸಜ್ಜನನಿಗೂ ಇಲ್ಲ. ಸಕಾಲದಲ್ಲಿ ನೋಡದ ಊರು ಅನಂತರ ಎಷ್ಟು ಹುಡುಕಿದರೂ ಅವಳು ಸಿಕ್ಕುವುದಿಲ್ಲ.

ದೋಷಗಳನ್ನು ಮುಚ್ಚುವುದು ವಿಮರ್ಶಕನ ಕೆಲಸವಲ್ಲ. ಗುಟ್ಟನ್ನು ಬೇಗ ಹೇಳಿಬಿಡಬೇಕೆಂದು ಪ್ರಸಾರಸಂಸ್ಥೆ ಒತ್ತಾಯಪಡಿಸಿದ್ದು ಚಿನ್ನದ ಮೊಟ್ಟೆಯಿಡುವ ಹಕ್ಕಿಯನ್ನು ಕೊಂದಂತಾಯಿತೆಂದು ಲಿಂಚನು ಹೇಳಿಕೊಂಡದ್ದುಂಟು. ಅದು ನಿಜವಿರಬಹುದು, ಆದರೂ ಅದರ ಮುಂದಿನ ಹಲವು ಕಂತುಗಳು ಜೊಳ್ಳಾಗಿರುವುದಕ್ಕೆ ರಚಿಸಿದವರೂ ಹೊಣೆಗಾರರೇ. ಹೆಂಗಸರ ಮೇಲಿನ ಹಿಂಸೆಯನ್ನು ಲಿಂಚನು ಕೆಲವೆಡೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೋರಿಸುತ್ತಾನೆ. ಉತ್ತರಭಾಗದ ಕೆಲವು ದೃಶ್ಯಗಳು ಸಹನೆಯನ್ನು ಪರೀಕ್ಷಿಸುವಷ್ಟು ದೀರ್ಘ. ಇನ್ನೊಂದು ಮಾತು. ಲಿಂಚನು ೧೯೭೩ರಿಂದ ಮಹರ್ಷಿ ಮಹೇಶಯೋಗಿಗಳ ಧ್ಯಾನಪದ್ಧತಿಯನ್ನು ಅನುಸರಿಸಿದವನು. ಉಪನಿಷತ್ತುಗಳ ಮಾತುಗಳನ್ನು ತನ್ನ ಗ್ರಂಥದಲ್ಲಿ ಉದಾಹರಿಸಿದವನು. ಇಷ್ಟರಿಂದಲೇ ಅವನ ಕೃತಿಗಳನ್ನು ವೇದಾಂತವೆಂದು ನಾವು ಬೀಗುವುದು ಬೇಡ. ಅವು ಅಮೆರಿಕದ ಮಣ್ಣಿನಲ್ಲಿ ಬೆಳೆದ ಕೃತಿಗಳು; ಆ ನೆಲದ ಕಾಡು, ಹೆದ್ದಾರಿ, ವಿದ್ಯುದ್ದೀಪ, ಅಂಜಿಕೆಗಳೇ ಅವುಗಳ ಜೀವದ್ರವ್ಯ. ತನ್ನ ಕೃತಿಗಳ ಅರ್ಥವನ್ನು ವಿವರಿಸಲು ಅವನು ಕೊನೆಯವರೆಗೂ ಒಪ್ಪಲಿಲ್ಲ. ಅವನು ಹೇಳದುದನ್ನು ಅವನ ಬಾಯಲ್ಲಿ ಹಾಕುವ ಅಧಿಕಾರ ನಮಗೂ ಇಲ್ಲ.

ಇವು ಎಳೆಯ ಮಕ್ಕಳಿಗೆ ತಕ್ಕ ಕೃತಿಗಳಲ್ಲವೆಂಬುದು ನಿರ್ವಿವಾದ. ಆದರೆ ಬುದ್ಧಿ ಬಲಿತ ಮಗನೋ ಮಗಳೋ ಇವನ್ನು ನೋಡುತ್ತಿದ್ದರೆ ಹಿರಿಯರು ಎದ್ದುಹೋಗುವ ಬದಲು ಜೊತೆಗೆ ಕುಳಿತು ನೋಡುವುದು ಮೇಲು. ಅನಂತರ ಕೊಂದವರು ಯಾರೆಂದು ಮಾತ್ರ ಚರ್ಚಿಸದೆ, ಸತ್ತವಳ ಸಂಕಟ ಅಷ್ಟು ಕಾಲ ಯಾರಿಗೂ ಏಕೆ ಕಾಣಲಿಲ್ಲವೆಂದು ಕೇಳಿಕೊಳ್ಳಲಿ. ಪಾತಕಕಥೆ ಆ ಪ್ರಶ್ನೆಯನ್ನು ಮನೆಯೊಳಕ್ಕೆ ತರಬಲ್ಲುದಾದರೆ ಅದಕ್ಕೆ ಕಾವ್ಯದ ಪಂಕ್ತಿಯಲ್ಲಿ ಎಲೆ ಹಾಕುವುದಕ್ಕೆ ಅಡ್ಡಿಯಿಲ್ಲ.